ಕೌದಿಯ ಅಂಚಿಗೆ ಯಾವುದು ಒಳ್ಳೆಯದು: ಮಡಿಚಿದ ಹಿಂಬಟ್ಟೆಯೋ, ಬೇರೆ ಪಟ್ಟಿಯೋ, ಸೀರೆಯ ದಡಿಯೋ?

ಕೌದಿಯ ನಡುಭಾಗ ಹೊಲಿಯುವುದನ್ನು ಯಾರಾದರೂ ಕಲಿಸುತ್ತಾರೆ. ಮೊದಲು ಪದರ ಜಾರದಂತೆ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ದೊಡ್ಡ ಹೊಲಿಗೆ) ಹಾಕು, ಬೆರಳಗಲ ಬಿಟ್ಟು ಸಾಲು ಹಿಡಿ, ನಾಲ್ಕೈದು ಟಾಕಿ, ಅಂದರೆ ಹೊಲಿಗೆ, ಸೂಜಿಗೆ ತುಂಬಿಕೊಂಡು ದಾರ ಎಳೆ, ಅಷ್ಟೇ. ಅಂಚಿನ ಮಾತು ಬಂದಾಗ ಮಾತ್ರ "ಆಮೇಲೆ ಮಡಿಚಿ ಹೊಲಿದರಾಯ್ತು" ಅಂದು ಎದ್ದುಬಿಡುತ್ತಾರೆ. ಆದರೆ ಕೌದಿ ಮೊದಲು ಹರಿಯುವುದೇ ಅಂಚಿನಲ್ಲಿ. ಅದರಲ್ಲೂ ತಲೆ ಕಡೆಯ ಅಂಚು. ರಾತ್ರಿಯೆಲ್ಲ ಎಳೆದೆಳೆದು ಹೊದೆಯುವುದು ಅದನ್ನೇ ಅಲ್ವಾ. ಒಗೆದ ಮೇಲೆ ನೀರು ಕುಡಿದು ಭಾರವಾದ ಕೌದಿಯನ್ನು ಬಕೆಟ್ಟಿನಿಂದ ಎತ್ತುವಾಗ ಕೈಗೆ ಸಿಗುವುದೂ ಅಂಚೇ.

ಹಾಗಾಗಿ ಬೇರೆ ಬೇರೆ ಕೌದಿಗಳಿಗೆ ಬೇರೆ ಬೇರೆ ಥರ ಅಂಚು ಕಟ್ಟಿ, ಹೊದ್ದು, ಒಗೆದು ನೋಡಿದ್ದೇನೆ. ಎಲ್ಲವೂ ನಮ್ಮ ಧಾರವಾಡದ ಕಡೆಯ ಮಾಮೂಲಿ ಕೌದಿಗಳು. ಒಳಗೆ ಹಳೆ ಹತ್ತಿ ಸೀರೆಯ ಮೂರ್ನಾಲ್ಕು ಪದರ, ಅಳತೆ ಸುಮಾರು 5 ಅಡಿಗೆ 7 ಅಡಿ. ಸುತ್ತಳತೆ 24 ಅಡಿ ಬರುತ್ತದೆ. ಒಳಗೆ ಹತ್ತಿ ತುಂಬಿದ ರಜಾಯಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ.

ಎಲ್ಲಕ್ಕಿಂತ ಹಳೆಯ ರೀತಿ, ಮೇಲಿನ ಬಟ್ಟೆ ಕೆಳಗಿನ ಬಟ್ಟೆ ಎರಡನ್ನೂ ಒಳಮುಖ ಮಡಿಚಿ, ಅಂಚಿನ ಹತ್ತಿರವೇ ಎರಡು ಸಾಲು ಟಾಕಿ ಓಡಿಸುವುದು. ಬೇರೆ ಬಟ್ಟೆ ಬೇಡ, ಮಷಿನ್ ಬೇಡ. ಒಳಪದರಗಳನ್ನು ಮಾತ್ರ ಅರ್ಧ ಇಂಚು ಒಳಗೆ ಕತ್ತರಿಸಿಕೊಳ್ಳಬೇಕು, ಇಲ್ಲದಿದ್ದರೆ ಅಂಚು ಗಂಟುಗಂಟಾಗುತ್ತದೆ. ನೋಡಲು ಚೆನ್ನ. ಆದರೆ ಎಲ್ಲಕ್ಕಿಂತ ಬೇಗ ಹರಿದದ್ದೂ ಇದೇ. ಮಡಿಕೆಯ ತುದಿಯಲ್ಲಿ ಇರುವುದು ಒಂದೇ ಪದರ ಹಳೆ ಸೀರೆ, ಅದೂ ಮೊದಲೇ ನವೆದದ್ದು. ಹರಿದ ಮೇಲೆ ಹೇಗೂ ಅದರ ಮೇಲೊಂದು ಪಟ್ಟಿ ಹಚ್ಚಲೇಬೇಕು. ಹಾಗಿದ್ದಮೇಲೆ ಮೊದಲೇ ಹಚ್ಚಬಾರದೇಕೆ?

ಎರಡನೆಯದು ಹಿಂಬಟ್ಟೆಯನ್ನೇ ಮುಂದಕ್ಕೆ ತರುವುದು. ಹಿಂದಿನ ಬಟ್ಟೆ ನಾಲ್ಕೂ ಕಡೆ 2 ಇಂಚು ಜಾಸ್ತಿ ಇರಬೇಕು. ಮೊದಲು ಆ ಬಟ್ಟೆಯ ತುದಿ ಕೌದಿಯ ಅಂಚಿಗೆ ತಾಗುವಂತೆ ಒಂದು ಮಡಿಕೆ, ಆಮೇಲೆ ಅದನ್ನು ಕೌದಿಯ ಮೇಲಕ್ಕೆ ತಂದು ಇನ್ನೊಂದು ಮಡಿಕೆ. 1 ಇಂಚಿನ ಅಚ್ಚುಕಟ್ಟಾದ ಪಟ್ಟಿ ಮುಂದುಗಡೆ ಕಾಣುತ್ತದೆ. ಆರು ಗಜದ ಒಂದು ಹತ್ತಿ ಸೀರೆಯನ್ನು ಅಡ್ಡಕ್ಕೆ ಎರಡು ತುಂಡು ಮಾಡಿ ಜೋಡಿಸಿದರೆ ಈ ಅಳತೆಯ ಹಿಂಬಟ್ಟೆ ಹೊರಡುತ್ತದೆ, ಸೆರಗಿನ ಕಡೆ ಒಂದಿಷ್ಟು ಮಿಗುತ್ತದೆ ಕೂಡ. ಕಲಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸುಲಭ, ಮೆತ್ತಗೆ, ಖರ್ಚಿಲ್ಲ. ಕೂಸಿನ ಕೌದಿಗಂತೂ ಇದೇ ಸರಿ, ಗಲ್ಲಕ್ಕೆ ಒತ್ತುವಂಥ ದಪ್ಪ ಹೊಲಿಗೆ ಇರುವುದಿಲ್ಲ. ತಕರಾರು ಒಂದೇ. ಅಂಚು ಸವೆದರೆ ಬಿಚ್ಚಿ ಹೊಸದು ಹಾಕಲು ಬರುವುದಿಲ್ಲ, ಅದು ಹಿಂಬಟ್ಟೆಯದೇ ಭಾಗ.

ಕೂಸಿನ ಕೌದಿಗೆ ಇನ್ನೊಂದು ದಾರಿಯೂ ಇದೆ. ದಿಂಬಿನ ಚೀಲದ ಹಾಗೆ ಒಳಮೈಯಿಂದ ಸುತ್ತ ಹೊಲಿದು, ಗೇಣಗಲ ಬಾಯಿ ಬಿಟ್ಟು ತಿರುವಿ ಹಾಕುವುದು. 3 ಅಡಿಯ ಒಳಗಿದ್ದರೆ ಚಕಚಕ ಮುಗಿಯುತ್ತದೆ. ದೊಡ್ಡ ಕೌದಿಗೆ ಬೇಡವೇ ಬೇಡ. ತಿರುವಿದ ಮೇಲೆ ಒಳಪದರ ಮುದುಡಿ ಕೂತರೆ ಸರಿಮಾಡುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಈಗ ಬೇರೆ ಪಟ್ಟಿ. ನನ್ನ ಓಟು ಇದಕ್ಕೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 3 ಇಂಚು ಅಗಲದ ಪಟ್ಟಿಗಳನ್ನು ಕತ್ತರಿಸಿ, ಒಂದಕ್ಕೊಂದು ಓರೆಯಾಗಿ ಜೋಡಿಸಬೇಕು. ನೇರ ಜೋಡಿಸಿದರೆ ಹೊಲಿಗೆಯ ದಪ್ಪವೆಲ್ಲ ಒಂದೇ ಕಡೆ ಕೂಡುತ್ತದೆ. ಆಮೇಲೆ ಉದ್ದಕ್ಕೆ ಅರ್ಧ ಮಡಿಚಿ ಇಸ್ತ್ರಿ ಮಾಡಿದರೆ ಒಂದೂವರೆ ಇಂಚಿನ ಜೋಡಿ ಪದರದ ಪಟ್ಟಿ ಸಿದ್ಧ. 24 ಅಡಿ ಅಂದರೆ 288 ಇಂಚು. ಮೂಲೆಗೆ, ಜೋಡಣೆಗೆ ಅಂತ 12 ಇಂಚು ಸೇರಿಸಿದರೆ 300. ಅಂಗಡಿಯಲ್ಲಿ ಸಿಗುವ 44 ಇಂಚು ಪನ್ನದ (ಅಗಲದ) ಹತ್ತಿ ಬಟ್ಟೆಯಲ್ಲಿ 8 ಪಟ್ಟಿ ಬೇಕು, ಅಂದರೆ 24 ಇಂಚು ಬಟ್ಟೆ. ಮುಕ್ಕಾಲು ಮೀಟರ್ ತಂದರೆ ಧಾರಾಳ. ತಂದ ಕೂಡಲೇ ಒಂದು ರಾತ್ರಿ ನೆನೆಹಾಕಿ. ಒಳಗಿನ ಸೀರೆಗಳು ಕುಗ್ಗುವಷ್ಟು ಕುಗ್ಗಿ ಎಷ್ಟೋ ವರ್ಷ ಆಗಿರುತ್ತದೆ. ಹೊಸ ಪಟ್ಟಿ ಮಾತ್ರ ಆಮೇಲೆ ಕುಗ್ಗಿದರೆ ಇಡೀ ಅಂಚು ನೆರಿಗೆ ಬೀಳುತ್ತದೆ.

ಪಟ್ಟಿಯ ತೆರೆದ ತುದಿಯನ್ನು ಕೌದಿಯ ಅಂಚಿಗೆ ಸರಿಯಾಗಿಟ್ಟು, ಅರ್ಧ ಇಂಚು ಒಳಗೆ ಹೊಲಿಯುತ್ತ ಹೋಗಿ. ಮೂಲೆ ಮುಟ್ಟಲು ಅರ್ಧ ಇಂಚು ಇರುವಾಗ ನಿಲ್ಲಿಸಿ ದಾರ ಕತ್ತರಿಸಿ. ಪಟ್ಟಿಯನ್ನು ಕೌದಿಯಿಂದ ಆಚೆ ಮೇಲಕ್ಕೆ ಮಡಿಚಿ, ಮೂಲೆಯಲ್ಲಿ ಒಂದು ಓರೆ ಗೆರೆ ಬೀಳುತ್ತದೆ. ಆ ಗೆರೆಯನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡೇ ಪಟ್ಟಿಯನ್ನು ಮತ್ತೆ ಕೆಳಕ್ಕೆ, ಮುಂದಿನ ಬದಿಯ ಮೇಲೆ ತನ್ನಿ. ಮೇಲಿನ ಮಡಿಕೆ ಕೌದಿಯ ಅಂಚಿಗೆ ಸಮನಾಗಿರಬೇಕು. ಅಲ್ಲಿಂದಲೇ ಮತ್ತೆ ಹೊಲಿಗೆ ಶುರು. ಹಿಂದಕ್ಕೆ ತಿರುಗಿಸಿದಾಗ ಮೂಲೆ ತಾನಾಗಿ ಓರೆ ಗೆರೆಯಲ್ಲಿ ಕೂಡಿಕೊಳ್ಳುತ್ತದೆ. ಮೊದಲು ಸುಮ್ನೆ ಎರಡು ರದ್ದಿ ಬಟ್ಟೆ ಇಟ್ಟುಕೊಂಡು ಮಾಡಿ ನೋಡಿ, ಓದಿದರೆ ತಿಳಿಯದ್ದು ಕೈಗೆ ಕೂಡಲೇ ತಿಳಿಯುತ್ತದೆ. ಹಿಂಬದಿಯನ್ನು ಮಷಿನ್‌ನಲ್ಲಿ ಹೊಡೆಯಬೇಡಿ. ಕೈಯಲ್ಲಿ ಹೆಮ್ಮಿಂಗ್ ಮಾಡಿ. ಒಂದು ಸಂಜೆಗೆ ಮುಗಿಯುವ ಕೆಲಸ ಅಲ್ಲ, ಆದರೆ ಟಿ.ವಿ. ನೋಡುತ್ತ ಆಗುವ ಕೆಲಸ.

ಮುಂದಿನ ಬದಿಗೂ ಮಷಿನ್ ಕಡ್ಡಾಯ ಏನಲ್ಲ. ಮನೆಯ ಕಪ್ಪು ಮಷಿನ್ ಆದರೆ 16 ಅಥವಾ 18ನೇ ನಂಬರಿನ ಸೂಜಿ ಹಾಕಿ, ಟಾಕಿ ಉದ್ದ ಮಾಡಿ. ಅಷ್ಟು ಪದರ ಪಾದದ ಕೆಳಗೆ ಹೋಗುವಾಗ ಮೇಲಿನದು ಮುಂದೆ ತಳ್ಳಿಕೊಂಡು ಹೋಗುತ್ತದೆ. ಅದಕ್ಕೇ ಅಂಚಿಗೆ ಮೊದಲು ಕಚ್ಚಾ ಹೊಲಿಗೆ ಬೇಕೇ ಬೇಕು, ಗುಂಡುಪಿನ್ನು ಸಾಲದು.

ಪಟ್ಟಿ ನೇರ ಕತ್ತರಿಸಬೇಕೋ, ಕ್ರಾಸ್ ಕತ್ತರಿಸಬೇಕೋ? ದರ್ಜಿಗಳು ಕ್ರಾಸ್ ಪೀಸ್ ಅನ್ನುತ್ತಾರಲ್ಲ, ಅದು ಎಳೆದರೆ ಹಿಗ್ಗುತ್ತದೆ, ದುಂಡು ಮೂಲೆಗೆ ಸಲೀಸಾಗಿ ಬಾಗುತ್ತದೆ. ಬಾಳಿಕೆಯೂ ಒಂದು ಕೈ ಮೇಲೆ. ನೇರ ಪಟ್ಟಿಯ ಮಡಿಕೆಯ ಮೇಲೆ ಬಟ್ಟೆಯ ಒಂದೇ ಎಳೆ ಉದ್ದಕ್ಕೂ ಮಲಗಿರುತ್ತದೆ, ಅದು ಸವೆದರೆ ಗೆರೆ ಎಳೆದಂತೆ ಹರಿಯುತ್ತದೆ. ಕ್ರಾಸ್‌ನಲ್ಲಿ ಸವೆತ ಹಲವು ಎಳೆಗೆ ಹಂಚಿಹೋಗುತ್ತದೆ. ಆದರೂ ಚೌಕ ಮೂಲೆಯ ಕೌದಿಗೆ ನಾನು ನೇರ ಪಟ್ಟಿಯನ್ನೇ ಹಾಕುತ್ತೇನೆ. ಕ್ರಾಸ್‌ಗೆ ಬಟ್ಟೆ ಜಾಸ್ತಿ ದಂಡ, ಹೊಲಿಯುವಾಗ ಕೈ ಸ್ವಲ್ಪ ಎಳೆದರೂ ಅಂಚು ಅಲೆಅಲೆ. ಜೋಡಿ ಪದರ ಇರುವುದರಿಂದ ಹೊರಗಿನದು ಸವೆದರೂ ಒಳಗಿನದು ಕಾಯುತ್ತದೆ. ಅಂಗಡಿಯ ರೆಡಿಮೇಡ್ ಪೈಪಿಂಗ್ ಪಟ್ಟಿ ಕುಪ್ಪಸಕ್ಕೆ ಸರಿ, ಕೌದಿಯ ದಪ್ಪಕ್ಕೆ ಅದರ ಅಗಲವೇ ಸಾಲದು.

ಇಷ್ಟು ಕತ್ತರಿಸುವ ತಾಪತ್ರಯ ಬೇಡ ಅನ್ನುವವರಿಗೆ ಸೀರೆಯ ಫಾಲ್ ಇದೆ. ಹತ್ತಿಯದೇ ಕೇಳಿ ತನ್ನಿ. ಅಗಲ 4-5 ಇಂಚು, ಬೇಕಾದ ಬಣ್ಣವೆಲ್ಲ ಮ್ಯಾಚಿಂಗ್ ಸೆಂಟರಿನಲ್ಲಿ ಸಿಗುತ್ತದೆ. ಉದ್ದ ಒಂದೊಂದಕ್ಕೆ ಒಂದೊಂದು ಥರ ಇರುವುದರಿಂದ ಅಳೆಸಿ ನೋಡಿ, ಈ ಅಳತೆಗೆ ಮೂರಂತೂ ಬೇಕು. "ಅಕ್ಕಾರ, ಮೂರೂ ಸೀರಿ ಒಂದ ಬಣ್ಣದವೇನ್ರಿ?" ಅಂತ ಅಂಗಡಿಯವರು ಕೇಳಬಹುದು, ಹೌದು ಅಂದುಬಿಡಿ. ಇದನ್ನೂ ನೆನೆಹಾಕಲೇಬೇಕು. ಬಟ್ಟೆ ತೆಳು, ಅದಕ್ಕೇ ಪೂರ್ತಿ ಅಗಲವನ್ನು ಮಡಿಚಿ ಬಳಸಿ, ಕತ್ತರಿಸಿ ಉಳಿಸಲು ಹೋಗಬೇಡಿ. ಮುಕ್ಕಾಲು ಮೀಟರ್ ಬಟ್ಟೆಯ ಗಟ್ಟಿತನ ಇದಕ್ಕಿಲ್ಲ. ಆದರೆ ಅರ್ಧ ಕೆಲಸ ಉಳಿತಾಯವಾಗುತ್ತದೆ.

ಕಣ್ಣಿಗೆ ಗೆಲ್ಲುವುದು ಇಳಕಲ್ ಸೀರೆಯ ದಡಿ. ಗೋಮಿ ದಡಿಯೋ ಚಿಕ್ಕಿ ದಡಿಯೋ ಸುತ್ತ ಬಂದರೆ ಮಾಸಿದ ಸೀರೆಗಳ ಕೌದಿಗೂ ಒಂದು ಕಳೆ. ಆದರೆ ದಡಿ ದಪ್ಪ, ಬಿರುಸು. ಮೂಲೆಯಲ್ಲಿ ಮಡಿಕೆ ಕೂರುವುದಿಲ್ಲ, ಕುತ್ತಿಗೆಗೆ ಒರಟು. ಒಡಲು ಹತ್ತಿ, ದಡಿ ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಆಗಿದ್ದರೆ ಒಗೆದಾಗ ಎರಡರ ನಡತೆಯೂ ಬೇರೆ. ನಾನೀಗ ದಡಿಯನ್ನು ಅಂಚಿಗೆ ಸುತ್ತುವುದಿಲ್ಲ. ಅಂಚಿನಿಂದ ಎರಡು ಬೆರಳು ಒಳಗೆ ಚಪ್ಪಟೆಯಾಗಿ ಹಚ್ಚುತ್ತೇನೆ, ಅಂಚಿಗೆ ಹತ್ತಿ ಪಟ್ಟಿಯೇ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕವಂದಿಯನ್ನು, ಅಂದರೆ ಅವರ ಕೌದಿಯನ್ನು, ಈ ಸಾಲಿಗೆ ಸೇರಿಸುವುದು ಕಷ್ಟ. ಅವರು ಅಂಚನ್ನು ಕೊನೆಗೆ ಕಟ್ಟುವುದೇ ಇಲ್ಲ. ಒಂದು ಮೂಲೆಯಿಂದ ಅಂಚು ಹಿಡಿದು ಶುರುಮಾಡಿ, ತುಂಡು ಇಡುತ್ತ, ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಿಚಿ ಮಾಡಿದ ಮುಕ್ಕೋನ ತುಂಡುಗಳ 'ಫೂಲ' ಇಡುತ್ತಾರೆ. ಅದಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ. ಆ ರೀತಿ ಹೊಲಿದು ನೋಡುವಾಗ ಒಂದು ಲಾಭ ಕಂಡಿತು: ಅಂಚು ಮೊದಲೇ ಗಟ್ಟಿಯಾಗುವುದರಿಂದ ಪದರ ಆಚೆ ಜಾರುವುದಿಲ್ಲ. ಆದರೆ ಸಡಿಲ ಉಳಿದಿದ್ದೆಲ್ಲ ನಡುವಿಗೆ ಬಂದು ಸೇರುತ್ತದೆ, ಅದನ್ನು ಹೊಂದಿಸಲು ಪಳಗಿದ ಕೈಯೇ ಬೇಕು. ನಮ್ಮ ಕೌದಿಯ ಮೂಲೆಗೂ ಆ ಮುಕ್ಕೋನ ಹೊಂದುತ್ತದೆ. ಸವೆಯುವ ಜಾಗಕ್ಕೆ ನಾಲ್ಕಾರು ಪದರ ಜಾಸ್ತಿ ಸಿಕ್ಕಂತಾಯಿತು.

ದಿನಾ ಹೊದೆಯುವ ಕೌದಿಗೆ ಬೇರೆ ಪಟ್ಟಿ, ಕೂಸಿಗೆ ಮಡಿಚಿದ ಹಿಂಬಟ್ಟೆ, ನೆಂಟರು ಬಂದಾಗ ಹಾಸುವುದಕ್ಕೆ ದಡಿ. ಹಗುರವಾದ, ಅವಸರದ ಕೆಲಸಕ್ಕೆ ಫಾಲ್. ತಲೆ ಕಡೆಯ ಪಟ್ಟಿಯನ್ನು ಮಾತ್ರ ಬೇರೆ ತುಂಡಾಗಿ ಹಚ್ಚಿ, ಸವೆದಾಗ ಅದೊಂದು ಬದಿ ಬಿಚ್ಚಿ ಹೊಸದು ಹಾಕಬಹುದು, ಉಳಿದ ಮೂರನ್ನು ಮುಟ್ಟುವ ಕೆಲಸವಿಲ್ಲ.