ಉಗಿ ಪೈಪಿಗೆ ಪಿ22 ಸಾಕಾ, ಪಿ91 ಬೇಕಾ?

ಪಿ22, ಪಿ91 ಎರಡೂ ಬಿಸಿ ತಾಳುವ ಪೈಪಿನ ಉಕ್ಕಿನ ದರ್ಜೆಗಳು. ಉಗಿಯ ಬಿಸಿ 540 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಪಿ22 ಸಾಕು. ಇದರಲ್ಲಿ 2.25% ಕ್ರೋಮಿಯಂ, 1% ಮಾಲಿಬ್ಡಿನಂ ಇರುತ್ತದೆ. ಹಾಳಾಗುವುದೂ ನಿಧಾನ. ವರ್ಷಗಟ್ಟಲೆ ಕಾದಂತೆ ಒಳಗಿನ ಕಾರ್ಬೈಡ್ (ಲೋಹ-ಇಂಗಾಲ ಸೇರಿದ) ಕಣಗಳು ದಪ್ಪಗಾಗಿ, ಉಕ್ಕು ಮೆತ್ತಗಾಗುತ್ತದೆ.

ಪಿ91 ಅನ್ನು 1970ರ ದಶಕದಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯ ರೂಪಿಸಿತು. 9% ಕ್ರೋಮಿಯಂ ಜೊತೆ ಚೂರು ವೆನೇಡಿಯಂ, ನಿಯೋಬಿಯಂ, ನೈಟ್ರೋಜನ್. 565ರಿಂದ 600 ಡಿಗ್ರಿಗೆ ಇದೇ ಸರಿ. ಬಲ ಜಾಸ್ತಿ, ಹಾಗಾಗಿ ಪೈಪಿನ ಗೋಡೆ ತೆಳುವಾಗಿರಬಹುದು. ದಿನಾ ಆನ್-ಆಫ್ ಆಗುವ ವಿದ್ಯುತ್ ಸ್ಥಾವರಕ್ಕೆ ಇದು ದೊಡ್ಡ ಲಾಭ. ದಪ್ಪ ಗೋಡೆ ಒಳಗೊಂದು ಹೊರಗೊಂದು ಬಿಸಿಯಾಗಿ ಬಿರುಕು ಬಿಡುತ್ತದೆ ಅಲ್ವಾ?

ಆದರೆ ಪಿ91 ಸಿಕ್ಕಾಪಟ್ಟೆ ನಾಜೂಕು. ಇದರ ಬಲವೆಲ್ಲ ಹದ ಮಾಡಿದ (ಅಂದರೆ ಮತ್ತೆ ಕಾಯಿಸಿ ಪೆಡಸು ಇಳಿಸಿದ) ಮಾರ್ಟೆನ್‌ಸೈಟ್ ರಚನೆಯಲ್ಲಿದೆ; ಕಾದ ಉಕ್ಕು ತಣಿದಾಗ ಮೂಡುವ ಗಟ್ಟಿ ರಚನೆಯೇ ಮಾರ್ಟೆನ್‌ಸೈಟ್. ವೆಲ್ಡ್ ಆದ ಮೇಲೆ ಚೆನ್ನಾಗಿ ತಣಿಸಿ, ಮತ್ತೆ ಸುಮಾರು 750 ಡಿಗ್ರಿಯಲ್ಲಿ ಹದ ಮಾಡಬೇಕು. ಬಿಸಿ ಮಿತಿ ಮೀರಿದರೆ ದುಬಾರಿ ಪೈಪಿನ ಬಲವೇ ಹೋಯಿತು. ಎಲ್ಲ ಸರಿಯಾಗಿ ಮಾಡಿದರೂ ‘ಟೈಪ್ 4’ ಬಿರುಕಿನ ಭಯ ಇದ್ದೇ ಇದೆ. ವೆಲ್ಡ್ ಪಕ್ಕದ ಬಿಸಿ ತಾಗಿದ ಪಟ್ಟಿಯ ಹೊರ ಅಂಚಿನಲ್ಲಿ, ಹೆಚ್ಚಾಗಿ ಮೇಲ್ಮೈ ಕೆಳಗೆ ಅದು ಹುಟ್ಟುತ್ತದೆ. ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ.

ವೆಲ್ಡಿಂಗ್ ಗುತ್ತಿಗೆದಾರ ಹದ ಮಾಡಿದಾಗಿನ ಬಿಸಿಯ ಚಾರ್ಟು, ಗಡಸುತನದ ದಾಖಲೆ ಕೊಡದಿದ್ದರೆ, 540ರ ಒಳಗಿನ ಕೆಲಸಕ್ಕೆ ನಾನಂತೂ ದಪ್ಪ ಪಿ22 ಅನ್ನೇ ಆರಿಸುತ್ತೇನೆ.