ಹಳೆ ಪೆಟ್ರೋಲ್ ಟ್ರ್ಯಾಕ್ಟರಿನ ಕಾರ್ಬೊರೇಟರ್: ಕಿವಿ ನಂಬಬೇಕೋ, ಗೇಜ್ ನಂಬಬೇಕೋ, ಪ್ಲಗ್ ನಂಬಬೇಕೋ?

ಬಳ್ಳಾರಿ, ಸಿಂಧನೂರು, ಗಂಗಾವತಿ ಕಡೆ ಗದ್ದೆಗಿಳಿಯುವ ಟ್ರ್ಯಾಕ್ಟರೆಲ್ಲ ಈಗ ಡೀಸೆಲ್. ಅವಕ್ಕೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರೂ ಇಲ್ಲ, ಆ ಬೆರಕೆ ಹೊಂದಿಸುವ ತಲೆನೋವೂ ಇಲ್ಲ. ಇಲ್ಲಿ ಹೇಳುತ್ತಿರುವುದು ಶೆಡ್ಡಿನ ಮೂಲೆಯಿಂದ ಹೊರಗೆಳೆದು ಮತ್ತೆ ಓಡಿಸುವ ಹಳೆ ಗಾಡಿಗಳ ಮಾತು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಫರ್ಗುಸನ್ ಟಿಇ-20, ಅಮೆರಿಕದ ಫೋರ್ಡ್ 8ಎನ್, ಹಾಗೆ. ಇಂಥ ಗಾಡಿ ಟ್ಯೂನ್ ಮಾಡಲು ಮೂರು ದಾರಿ ರೂಢಿಯಲ್ಲಿವೆ: ಕಿವಿಯಿಂದ ಕೇಳಿ, ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ಮೀಟರ್) ಹಾಕಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಒಂದೇ ಗಾಡಿಯ ಮೇಲೆ ಮೂರನ್ನೂ ಮಾಡಿ ನೋಡಿದರೆ ಮೂರರ ಉತ್ತರವೂ ಒಂದೇ ಬರುವುದಿಲ್ಲ.

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ. ಇರಲಿ, ಪಾಯಿಂಟ್ (ಕಿಡಿ ಹುಟ್ಟಲು ಕರೆಂಟ್ ಕಡಿಯುವ ಸ್ವಿಚ್) ಸುಟ್ಟಿರಬಾರದು, ವಾಲ್ವ್ ಕ್ಲಿಯರೆನ್ಸ್ ಸರಿ ಇರಲಿ. ಆಯಿಲ್ ಬಾತ್ ಏರ್ ಕ್ಲೀನರ್ ಬಿಚ್ಚಿ ತೊಳೆಯಿರಿ. ಸಂಡೂರು ಕಡೆಯ ಕೆಂಪು ಅದಿರಿನ ಧೂಳಾಗಲಿ, ಎರೆ ಹೊಲದ ಕಪ್ಪು ಧೂಳಾಗಲಿ, ಅದರ ಆಯಿಲನ್ನು ಬೇಗ ಕೆಸರು ಮಾಡುತ್ತದೆ. ಬದಲಿಸುವಾಗ ಗುರುತಿಗಿಂತ ಮೇಲೆ ಆಯಿಲ್ ಸುರಿದರೆ ಗಾಳಿ ಕಟ್ಟಿ ಗಾಡಿ ರಿಚ್ ಆಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಹೆಚ್ಚಾಗುತ್ತದೆ (ಕಡಿಮೆಯಾದರೆ ಅದು ಲೀನ್). ಆಮೇಲೆ ಸ್ಕ್ರೂ ಎಷ್ಟು ತಿರುಗಿಸಿದರೂ ಅಷ್ಟೇ. ಪೆಟ್ರೋಲ್ ಪೈಪನ್ನು ಕಾರ್ಬೊರೇಟರ್ ಕಡೆ ಬಿಚ್ಚಿ ಡಬ್ಬಿಗೆ ಬಿಟ್ಟು ನೋಡಿ. ಧಾರೆ ನಡುವೆ ಸಣ್ಣದಾಗದೆ ಒಂದೇ ಸಮನೆ ಬೀಳಬೇಕು.

ಸ್ಕ್ರೂ ಯಾವ ಕಡೆ ತಿರುಗಿಸಿದರೆ ರಿಚ್ ಎಂಬುದರಲ್ಲೇ ಹೆಚ್ಚಿನವರು ಎಡವುವುದು. ರೇಸ್ ಕೊಡದೆ ಎಂಜಿನ್ ಮೆಲ್ಲಗೆ ಓಡುವಾಗಿನ ಮಿಕ್ಸ್ಚರ್ ಹೊಂದಿಸುವುದು ಸ್ಲೋ ಸ್ಕ್ರೂ. ಅದು ಥ್ರಾಟಲ್ ತಟ್ಟೆಗಿಂತ (ರೇಸ್ ಕೊಟ್ಟಾಗ ತೆರೆಯುವ ತಟ್ಟೆ) ಮೊದಲು, ಅಂದರೆ ಗಾಳಿ ಬರುವ ಕಡೆ ಇದ್ದರೆ ಅದು ಏರ್ ಸ್ಕ್ರೂ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ರಿಚ್. ತಟ್ಟೆಯ ಆಚೆ, ಎಂಜಿನ್ ಕಡೆ ಇದ್ದರೆ ಅದು ಮಿಕ್ಸ್ಚರ್ ಸ್ಕ್ರೂ. ಒಳಗೆ ತಿರುಗಿಸಿದರೆ ಲೀನ್. ಫೋರ್ಡ್ 8ಎನ್‌ನ ಮಾರ್ವೆಲ್-ಶೆಬ್ಲರ್ ಕಾರ್ಬೊರೇಟರಿನಲ್ಲಿ ಸ್ಲೋ ಸ್ಕ್ರೂ ಒಳಗೆ ಹೋದರೆ ರಿಚ್, ಮೇನ್ ಸ್ಕ್ರೂ (ಲೋಡಿನಲ್ಲಿ ಓಡುವಾಗಿನ ಪೆಟ್ರೋಲ್ ಹೊಂದಿಸುವುದು) ಹೊರಗೆ ಬಂದರೆ ರಿಚ್. ಒಂದೇ ಕಾರ್ಬೊರೇಟರಿನಲ್ಲಿ ಎರಡು ಉಲ್ಟಾ ಲೆಕ್ಕ. ಎರಡನ್ನೂ ಮೆಲ್ಲಗೆ ತಳಕ್ಕೆ ತಾಗಿಸಿ, ಒಂದೊಂದು ಸುತ್ತು ಹೊರಗೆ ತೆಗೆದು ಶುರು ಮಾಡಿ. ತಳದಲ್ಲಿ ಬಿಗಿ ಮಾಡಿದರೆ ಸ್ಕ್ರೂವಿನ ಸೂಜಿಯಂಥ ತುದಿಗೆ ಉಂಗುರದಂತೆ ಗೆರೆ ಬೀಳುತ್ತದೆ, ಆ ಸ್ಕ್ರೂ ಮತ್ತೆಂದೂ ಸರಿಯಾಗಿ ಹೊಂದುವುದಿಲ್ಲ.

ಇನ್ನು ಕಿವಿ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ (ಶೆಡ್ಡಿನೊಳಗೆ ಹೊಗೆ ಕುಡಿಯುತ್ತ ಮಾಡುವ ಕೆಲಸವಲ್ಲ ಇದು) ಹದಿನೈದಿಪ್ಪತ್ತು ನಿಮಿಷ ಓಡಿಸಿ, ಚೋಕ್ ಪೂರ್ತಿ ತೆಗೆದು, ಸ್ಲೋ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸಿ. ಪ್ರತಿ ಸಲವೂ ಎಂಜಿನ್ ನೆಲೆಯಾಗಲು ಸ್ವಲ್ಪ ಹೊತ್ತು ಕೊಡಬೇಕು. ದಡಬಡ ಎಂದು ಕುಂಟುತ್ತ ಸೈಲೆನ್ಸರಿನಿಂದ ಕಪ್ಪು ಹೊಗೆ ಬಂದರೆ ರಿಚ್. ಕಾರ್ಬೊರೇಟರಿನಲ್ಲೇ ಟಪ್ ಟಪ್ ಎಂದು ಸೀನಿ ಬಂದ್ ಬೀಳುತ್ತಿದ್ದರೆ ಲೀನ್. ಖರ್ಚಿಲ್ಲ, ಬೇಗ ಆಗುತ್ತದೆ. ಆದರೆ ಕಿವಿಗೊಂದು ಪಕ್ಷಪಾತವಿದೆ: ತುಸು ರಿಚ್ ಇರುವ ಎಂಜಿನ್ ಮೆತ್ತಗೆ ಓಡುತ್ತದೆ, ಅದೇ ನಮಗೆ ಸರಿ ಅನಿಸುತ್ತದೆ. ಕಿವಿಯಿಂದ ಹೊಂದಿಸಿದ ಮೇಲೆ ಗೇಜ್ ಹಾಕಿದರೆ ಸ್ಕ್ರೂ ಸಾಮಾನ್ಯವಾಗಿ ಕಾಲು ಸುತ್ತು ರಿಚ್ ಕಡೆಗೇ ನಿಂತಿರುತ್ತದೆ.

ಗೇಜ್ ಇಂಥ ದಾಕ್ಷಿಣ್ಯ ತೋರಿಸುವುದಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ (ಕಾರ್ಬೊರೇಟರಿನಿಂದ ಎಂಜಿನ್ನಿಗೆ ಮಿಕ್ಸ್ಚರ್ ಒಯ್ಯುವ ಪೈಪು) ತೂತು ಮುಚ್ಚುವ ಸಣ್ಣ ಪ್ಲಗ್ ಇದ್ದರೆ ಅದನ್ನು ತೆಗೆದು ನಿಪ್ಪಲ್ ಹಾಕಿ ರಬ್ಬರ್ ಪೈಪ್ ಜೋಡಿಸಿ. ಗೇಜಿನ ಸೂಜಿ ಅತಿ ಮೇಲೆ ಹೋಗಿ ಅಲುಗದೆ ನಿಂತ ಜಾಗವೇ ಸ್ಲೋ ಸ್ಕ್ರೂವಿನ ಜಾಗ; ಅಲ್ಲಿಂದ ಕೂದಲೆಳೆಯಷ್ಟು ರಿಚ್ ಕಡೆ ಬಿಡಿ. ಆಮೇಲೆ ಥ್ರಾಟಲ್ ತಟ್ಟೆ ಎಲ್ಲಿಯವರೆಗೆ ಮುಚ್ಚಬೇಕೆಂದು ತಡೆಯುವ ಸ್ಟಾಪ್ ಸ್ಕ್ರೂನಿಂದ ಸ್ಪೀಡ್ ಇಳಿಸಿ, ಮತ್ತೊಮ್ಮೆ ಸ್ಲೋ ಸ್ಕ್ರೂ ನೋಡಿ. ಪುಸ್ತಕಗಳಲ್ಲಿ ಒಳ್ಳೆ ಎಂಜಿನ್ನಿಗೆ 17ರಿಂದ 21 ಇಂಚು (ಪಾದರಸದ ಅಳತೆ) ಎಂದು ಬರೆದಿರುವುದು ಸಮುದ್ರ ಮಟ್ಟದ ಲೆಕ್ಕ. ಸಾವಿರ ಅಡಿಗೆ ಸುಮಾರು 1 ಇಂಚು ಕಡಿಮೆಯಾಗುತ್ತದೆ, ಹಾಗಾಗಿ ಬಳ್ಳಾರಿಯ ಎತ್ತರಕ್ಕೆ ಒಂದೂವರೆ ಇಂಚು ಕಳೆದು ಓದಿ. 16 ತೋರಿಸಿತೆಂದು ಎಂಜಿನ್ ಬಿಚ್ಚಲು ಕೂರಬೇಡಿ.

ಗೇಜಿನ ನಿಜವಾದ ಲಾಭ ಬೇರೆಯೇ ಇದೆ: ತಪ್ಪು ಕಾರ್ಬೊರೇಟರಿನದೋ ಅಲ್ಲವೋ ಎಂದು ಅದು ಹೇಳುತ್ತದೆ. ಸೂಜಿ ಎರಡು ಮೂರು ಇಂಚು ನಿಧಾನಕ್ಕೆ ಅತ್ತಿತ್ತ ತೇಲಿದರೆ ಮಿಕ್ಸ್ಚರ್. ತಾಳ ಹಾಕಿದಂತೆ ಲೆಕ್ಕಕ್ಕೆ ಸರಿಯಾಗಿ ಕೆಳಗೆ ಬಿದ್ದು ಎದ್ದರೆ ವಾಲ್ವ್. ಅಲುಗದೆ ಕೆಳಗೇ ನಿಂತರೆ ಟೈಮಿಂಗ್ ಹಿಂದಿದೆ (ಕಿಡಿ ತಡವಾಗಿ ಬೀಳುತ್ತಿದೆ), ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಹಳೆ ಕಾರ್ಬೊರೇಟರಿನಲ್ಲಿ ಗಾಳಿ ಎಳೆಯುವ ಮಾಮೂಲಿ ಜಾಗ ಥ್ರಾಟಲ್ ತಟ್ಟೆ ತಿರುಗುವ ಶಾಫ್ಟ್. ಅದರ ಎರಡೂ ತುದಿಗೆ ಎರಡು ಹನಿ ಎಂಜಿನ್ ಆಯಿಲ್ ಬಿಡಿ. ಆ ಕ್ಷಣಕ್ಕೆ ಸೂಜಿ ಮೇಲೇರಿದರೆ ಶಾಫ್ಟ್ ಕೂರುವ ಬುಷ್ ಸವೆದಿದೆ. ಹೊಸ ಬುಷ್ ಹಾಕಿಸುವ ತನಕ ಯಾವ ಸ್ಕ್ರೂವೂ ಸೆಟ್ಟಿಂಗ್ ಹಿಡಿಯುವುದಿಲ್ಲ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಲೀಕ್ ಹುಡುಕುವ ಚಾಳಿ ಬೇಡವೇ ಬೇಡ.

ಆದರೆ ಮೇನ್ ಜೆಟ್ (ಲೋಡಿನಲ್ಲಿ ಪೆಟ್ರೋಲ್ ಬರುವ ತೂತು, ಮೇನ್ ಸ್ಕ್ರೂ ಹೊಂದಿಸುವುದು ಇದನ್ನೇ) ವಿಷಯಕ್ಕೆ ಬಂದರೆ ಗೇಜೂ ಮೂಕ, ಕಿವಿಯೂ ಅರ್ಧ ಕಿವುಡು. ಕಾರಣ ಎಂಜಿನ್ ಸ್ಪೀಡನ್ನು ತಾನೇ ಒಂದೇ ಸಮ ಇಡುವ ಗವರ್ನರ್. ಲೋಡ್ ಇಲ್ಲದೆ ರೇಸ್ ಕೊಟ್ಟಾಗ ಮಿಕ್ಸ್ಚರ್ ತುಸು ಕೆಟ್ಟಿದ್ದರೂ ಗವರ್ನರ್ ಥ್ರಾಟಲನ್ನು ಅಷ್ಟು ಹೆಚ್ಚು ತೆರೆದು ಸ್ಪೀಡ್ ಸರಿದೂಗಿಸಿಬಿಡುತ್ತದೆ. ನಿಂತ ಗಾಡಿಯಲ್ಲಿ ಮೇನ್ ಸ್ಕ್ರೂ ಹೊಂದಿಸಿದವರಿಗೆ ಎರೆ ಹೊಲದಲ್ಲಿ ನೇಗಿಲು ಇಳಿಸಿದ ಮೇಲೆಯೇ ಗೊತ್ತಾಗುವುದು. ಇಲ್ಲಿ ಪ್ಲಗ್ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಹೊಸ ಪ್ಲಗ್ ಹಾಕಿ, ನೇಗಿಲೋ ನೀರಿನ ಟ್ಯಾಂಕರೋ ಎಳೆಸುತ್ತ ಹತ್ತು ನಿಮಿಷ ಓಡಿಸಿ, ಲೋಡಿನಲ್ಲಿ ಇರುವಾಗಲೇ ಕ್ಲಚ್ ಒತ್ತಿ ಆ ಕೂಡಲೇ ಇಗ್ನಿಷನ್ ಬಂದ್ ಮಾಡಿ. ಸ್ಲೋದಲ್ಲಿ ಒಂದೆರಡು ನಿಮಿಷ ಬಿಟ್ಟರೂ ಬಣ್ಣ ಕೆಡುತ್ತದೆ. ಪಿಂಗಾಣಿ ಹುರಿದ ಶೇಂಗಾ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದರೆ ಸರಿ, ಮಸಿ ಹಿಡಿದಿದ್ದರೆ ರಿಚ್, ಸುಣ್ಣದಂತೆ ಬಿಳಿಚಿದ್ದರೆ ಲೀನ್. ಮೇನ್ ಸ್ಕ್ರೂ ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿ ಮತ್ತೆ ಎಳೆಸಿ. ನಾಲ್ಕರಲ್ಲಿ ಒಂದೇ ಪ್ಲಗ್ ಬೇರೆ ಬಣ್ಣವಿದ್ದರೆ ಕಾರ್ಬೊರೇಟರ್ ಮುಟ್ಟಬೇಡಿ. ಆ ಕಡೆಯ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ.

ಪ್ಲಗ್ ದಾರಿಯ ತೊಡಕೆಂದರೆ ಹೊತ್ತು ಬೇಕು, ಕೈ ಸುಡುತ್ತದೆ. ಈಗಿನ ಪೆಟ್ರೋಲ್ ಬಣ್ಣವನ್ನೂ ಅಷ್ಟಾಗಿ ಬಿಡುವುದಿಲ್ಲ. ಟಾರ್ಚ್ ಹಿಡಿದು ಪಿಂಗಾಣಿಯ ಬುಡದಲ್ಲಿ ಹುಡುಕಬೇಕು. ಇದರ ಜೊತೆಗೆ ಎಥನಾಲ್ ಬೆರೆಸಿದ ಪೆಟ್ರೋಲ್ ಇ20 ಬಂದಿದೆ. ಪೆಟ್ರೋಲಿಗೆ 14.7ರಷ್ಟು ಗಾಳಿಯ ತೂಕ ಬೇಕಾದರೆ 20 ಭಾಗ ಎಥನಾಲ್ ಸೇರಿದ್ದಕ್ಕೆ ಸುಮಾರು 13.5 ಸಾಕು. ಅಂದರೆ ಹಳೆ ಪುಸ್ತಕದ ಸೆಟ್ಟಿಂಗ್ ಈಗ ಲೀನ್. ಮೇನ್ ಸ್ಕ್ರೂ ಇದ್ದರೆ ಸ್ವಲ್ಪ ಹೆಚ್ಚು ತೆರೆದರಾಯಿತು. ನಂಬರ್ ಒತ್ತಿದ ಕಾಯಂ ಜೆಟ್ ಇರುವ ಮಾದರಿಗೆ ಒಂದು ಸೈಜ್ ದೊಡ್ಡ ಜೆಟ್ ಹಾಕುವುದೇ ಸರಿ. ಇದ್ದ ಜೆಟ್ಟಿಗೆ ತಂತಿ ತೂರಿಸಿ ಉಜ್ಜಿ ದೊಡ್ಡದು ಮಾಡುವುದು ಜೆಟ್ ಕೆಡಿಸುವ ಕೆಲಸ. ಕಾರ್ಬೊರೇಟರಿನೊಳಗೆ ಪೆಟ್ರೋಲ್ ಮಟ್ಟ ಕಾಯುವ ತೇಲುಬುರುಡೆ (ಫ್ಲೋಟ್) ಕಾರ್ಕಿನದ್ದಾಗಿದ್ದರೆ ಮೇಲಿನ ಅರಗಿನ ಲೇಪ ಎಥನಾಲಿಗೆ ಕರಗಿ ಫ್ಲೋಟ್ ಭಾರವಾಗಿ ಪೆಟ್ರೋಲ್ ಉಕ್ಕುತ್ತದೆ. ಹಿತ್ತಾಳೆಯದು ಹಾಕಿಸಿ, ಮೂರರಲ್ಲಿ ಯಾವ ದಾರಿ ಹಿಡಿದಿದ್ದರೂ ಮೊದಲಿನಿಂದ ಹೊಂದಿಸಿ.

ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ಮಧ್ಯಾಹ್ನ ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗದಿದ್ದರೆ ಅದು ಟ್ಯೂನಿಂಗ್ ಕೆಟ್ಟದ್ದಲ್ಲ. ಎಂಜಿನ್ ಬಿಸಿಗೆ ಪೆಟ್ರೋಲ್ ಆವಿಯಾಗುತ್ತಿರುತ್ತದೆ. ಪೈಪ್ ಸೈಲೆನ್ಸರ್ ಪಕ್ಕ ಹಾದುಹೋಗಿದ್ದರೆ ದೂರ ಸರಿಸಿ ಕಟ್ಟಿ, ಸ್ಕ್ರೂಗಳನ್ನು ಇದ್ದಲ್ಲೇ ಬಿಡಿ.