ಡಿಲೋರಿಯನ್ ಮಾದರಿಗೆ ಉಕ್ಕಿನ ಮೈ: ನಾಲ್ಕು ವಿಧಾನಗಳ ಹೋಲಿಕೆ

ಸಿನಿಮಾ ಕಾರುಗಳ ಪ್ಲಾಸ್ಟಿಕ್ ಕಿಟ್‌ಗಳ ಪೈಕಿ 1985ರ 'ಬ್ಯಾಕ್ ಟು ದ ಫ್ಯೂಚರ್' ಚಿತ್ರದ ಡಿಲೋರಿಯನ್ ಕಾಲಯಂತ್ರ ಕಟ್ಟುವವರ ಕೈಚಳಕವನ್ನು ವಿಚಿತ್ರ ರೀತಿಯಲ್ಲಿ ಪರೀಕ್ಷಿಸುತ್ತದೆ. ಬೇರೆ ಕಾರಾದರೆ ಸರಿಯಾದ ಬಣ್ಣ ಹುಡುಕಿ, ನಯವಾಗಿ ಬಳಿದು, ಹೊಳಪು ಕೊಟ್ಟರೆ ಮುಕ್ಕಾಲು ಕೆಲಸ ಮುಗಿದಂತೆ. ಈ ಕಾರಿಗೆ ಬಣ್ಣವೇ ಇಲ್ಲ. ಉತ್ತರ ಐರ್ಲೆಂಡಿನ ಡನ್‌ಮರಿಯ ಕಾರ್ಖಾನೆಯಲ್ಲಿ 1981ರಿಂದ ತಯಾರಾದ ಮೂಲ ಕಾರಿನ ಹೊರಮೈಗೆ ಹೊದಿಸಿದ್ದು ಬ್ರಷ್‌ನಿಂದ ಒಂದೇ ದಿಕ್ಕಿಗೆ ಉಜ್ಜಿದ ಸ್ಟೇನ್‌ಲೆಸ್ ಸ್ಟೀಲ್ ಹಾಳೆಗಳು. ಹಾಗಾಗಿ ಮಾದರಿ ಕಟ್ಟುವವನು ಪ್ಲಾಸ್ಟಿಕ್ಕನ್ನು ಉಕ್ಕೆಂದು ಕಣ್ಣಿಗೆ ನಂಬಿಸಬೇಕು, ಅದೂ ಕ್ರೋಮ್‌ನಂತೆ ಮಿನುಗದ, ಬೆಳ್ಳಿ ಬಣ್ಣದಂತೆ ಮಂಕಾಗದ ಉಕ್ಕು. ಇದಕ್ಕಾಗಿ ಬಳಕೆಯಲ್ಲಿರುವ ನಾಲ್ಕು ವಿಧಾನಗಳನ್ನು 1:24 ಅಳತೆಯ, ಅಂದರೆ ನಿಜವಾದ ಕಾರಿನ ಇಪ್ಪತ್ನಾಲ್ಕನೇ ಒಂದರಷ್ಟಿರುವ, ಕಿಟ್‌ನ ಭಾಗಗಳ ಮೇಲೆಯೇ ನಾನು ಪ್ರಯೋಗಿಸಿ ನೋಡಿದ್ದೇನೆ. ಹೋಲಿಕೆಗೆ ಮುಖ್ಯವಾಗಿ ಆರಿಸಿಕೊಂಡದ್ದು ಬಾನೆಟ್ಟನ್ನು, ಏಕೆಂದರೆ ಅದು ದೊಡ್ಡದು, ಬಹುಪಾಲು ಚಪ್ಪಟೆ, ಮತ್ತು ನೋಡುವವರ ದೃಷ್ಟಿ ಮೊದಲು ಬೀಳುವುದೇ ಅದರ ಮೇಲೆ.

ಯಾವ ವಿಧಾನವಾದರೂ ಮೊದಲ ಹಂತದ ಕೆಲಸ ಒಂದೇ. ಅಚ್ಚಿನ ಎರಡು ಅರ್ಧಗಳು ಕೂಡಿದಲ್ಲಿ ಉಳಿದ ಸಣ್ಣ ಏಣುಗಳನ್ನು ಕೆರೆದು ತೆಗೆಯಬೇಕು, ಬಾಗಿಲು ಮತ್ತು ಬಾನೆಟ್ಟಿನ ಸುತ್ತಲಿನ ಸಂದುಗೆರೆಗಳನ್ನು ಗೆರೆ ಕೊರೆಯುವ ಮೊನೆಯ ಉಪಕರಣವಾದ ಸ್ಕ್ರೈಬರ್‌ನಿಂದ ತುಸು ಆಳ ಮಾಡಿಕೊಳ್ಳಬೇಕು, ಮೇಲ್ಮೈಯನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಬೇಕು. ಲೋಹದ ಬಣ್ಣವು ಸಾಮಾನ್ಯ ಬಣ್ಣದಂತೆ ದೋಷಗಳನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಬಣ್ಣಕ್ಕೆ ಮುನ್ನ ಅಡಿಪದರವಾಗಿ ಬಳಿಯುವ ಬೂದು ಪ್ರೈಮರ್ ಮೇಲೆ ಕಾಣದ ಗೀರೊಂದು ಉಕ್ಕಿನ ಬಣ್ಣ ಬಿದ್ದ ಕೂಡಲೇ ಬೆಳಕಿನಲ್ಲಿ ಎದ್ದು ಕಾಣುತ್ತದೆ.

ಹೋಲಿಕೆಗೆ ಮುನ್ನ ಅಳತೆಯ ಲೆಕ್ಕವೊಂದನ್ನು ಗಮನಿಸುವುದು ಒಳ್ಳೆಯದು, ಏಕೆಂದರೆ ನನ್ನ ತೀರ್ಮಾನಗಳೆಲ್ಲ ಅದರ ಮೇಲೆಯೇ ನಿಂತಿವೆ. ನಿಜವಾದ ಕಾರಿನ ಮೈಮೇಲಿನ ಉಜ್ಜಿದ ಗೆರೆಯೊಂದರ ಅಗಲ 80 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಎಂದಿಟ್ಟುಕೊಂಡರೆ, 1:24ರ ಮಾದರಿಯಲ್ಲಿ ಅದು ಮೂರು ಮೈಕ್ರಾನ್‌ಗಿಂತ ತುಸು ಹೆಚ್ಚಾಗುತ್ತದೆ. ಬರಿಗಣ್ಣಿಗೆ ಅದು ಕಾಣುವ ಮಾತೇ ಇಲ್ಲ. ಹಾಗೆಯೇ ಲೋಹದ ಬಣ್ಣದಲ್ಲಿರುವ ಕಣವೊಂದು 20 ಮೈಕ್ರಾನ್ ಇದ್ದರೆ, ನಿಜವಾದ ಕಾರಿನ ಅಳತೆಗೆ ಹಿಗ್ಗಿಸಿದಾಗ ಅದು ಹೆಚ್ಚುಕಡಿಮೆ ಅರ್ಧ ಮಿಲಿಮೀಟರಿನ ಚೂರಾಗುತ್ತದೆ. ಹಾಗೆ ಚೂರುಚೂರಾಗಿ ಮಿನುಗುವ ಉಕ್ಕು ಯಾವ ಕಾರಿನ ಮೇಲೂ ಇರುವುದಿಲ್ಲ. ಆದ್ದರಿಂದ ಗೆರೆಗಳನ್ನು ಎಣಿಸುವಂತೆ ಕೆತ್ತುವುದು ಇಲ್ಲಿನ ಗುರಿಯಲ್ಲ. ಮಾದರಿಯನ್ನು ತಿರುಗಿಸಿದಾಗ ಬೆಳಕು ಒಂದು ದಿಕ್ಕಿನಲ್ಲಿ ಹರಡಿ, ಇನ್ನೊಂದು ದಿಕ್ಕಿನಲ್ಲಿ ಮಡುಗಟ್ಟಿದಂತೆ ಕಂಡರೆ ಸಾಕು, ಉಳಿದದ್ದನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ.

ಮೊದಲನೆಯ ವಿಧಾನ ಸ್ಪ್ರೇ ಕ್ಯಾನ್‌ನ ಬೆಳ್ಳಿ ಬಣ್ಣ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇಲ್ಲದವರಿಗೆ ಇದೇ ಸುಲಭದ ದಾರಿ, ಮತ್ತು ಇದನ್ನು ತೀರಾ ಕಡೆಗಣಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಕ್ಯಾನನ್ನು ಬೆಚ್ಚಗಿನ ನೀರಿನಲ್ಲಿ ಕೆಲಹೊತ್ತು ಇಟ್ಟು, ಮಾದರಿಯಿಂದ ಸುಮಾರು ಒಂದು ಅಡಿ ದೂರದಿಂದ, ತೆಳುವಾದ ಪದರಗಳಾಗಿ ಹಾಕಿದರೆ ಮೇಲ್ಮೈ ನಯವಾಗಿಯೇ ಬರುತ್ತದೆ. ಗಟ್ಟಿತನದಲ್ಲಂತೂ ಇದಕ್ಕೆ ಉಳಿದ ಮೂರೂ ಸಾಟಿಯಲ್ಲ. ಒಣಗಿದ ಮೇಲೆ, ಬೇರೆ ಬಣ್ಣ ತಾಗದಂತೆ ಮರೆಮಾಡುವ ಮಾಸ್ಕಿಂಗ್ ಟೇಪ್ ಅಂಟಿಸಿ ಕಿತ್ತರೂ ಬಣ್ಣ ಏಳುವುದಿಲ್ಲ, ಕೈಯಲ್ಲಿ ಹಿಡಿದರೂ ಬೆರಳಚ್ಚು ಉಳಿಯುವುದಿಲ್ಲ. ಆದರೆ ಕಣಗಳು ದಪ್ಪ. ದೂರದಿಂದ ಉಕ್ಕಿನಂತೆ ಕಂಡ ಬಾನೆಟ್ ಹತ್ತಿರಕ್ಕೆ ತಂದಾಗ ಬೆಳ್ಳಿ ಬಣ್ಣ ಬಳಿದ ಸಾಧಾರಣ ಕಾರಾಗಿಬಿಡುತ್ತದೆ. ಬೆಳಕು ಎಲ್ಲ ದಿಕ್ಕಿಗೂ ಸಮನಾಗಿ ಚದುರುತ್ತದೆಯೇ ಹೊರತು ಹರಿಯುವುದಿಲ್ಲ. ಬಣ್ಣ ಒಣಗಿದ ಮೇಲೆ ನಯವಾದ ಸ್ಯಾಂಡ್‌ಪೇಪರ್‌ನಿಂದ ಒಂದೇ ದಿಕ್ಕಿಗೆ ತಿಕ್ಕಿ ಗೆರೆ ಮೂಡಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ಹಾಗೆ ಮಾಡಿದಾಗ ಕಣಗಳ ತಲೆ ಹಾರಿ ಬಣ್ಣ ಕಪ್ಪಡರುತ್ತದೆ, ಅಂಚುಗಳಲ್ಲಂತೂ ಪ್ರೈಮರ್ ಇಣುಕುತ್ತದೆ.

ಎರಡನೆಯದು ಒಣಗಿದ ಮೇಲೆ ಬಟ್ಟೆಯಿಂದ ಉಜ್ಜಿ ಹೊಳಪು ತರಬೇಕಾದ ಲೋಹದ ಬಣ್ಣ. ಬಳಿದಾಗ ಮಂಕಾದ ಬೂದಿಯಂತೆ ಕಾಣುವ ಇದನ್ನು ಮೆತ್ತನೆಯ ಬಟ್ಟೆ ಅಥವಾ ಹತ್ತಿಯ ಕಡ್ಡಿಯಿಂದ ತಿಕ್ಕುತ್ತ ಹೋದಂತೆ ಒಳಗಿನಿಂದ ಲೋಹ ಮೇಲೆದ್ದು ಬರುತ್ತದೆ. ನಾಲ್ಕು ವಿಧಾನಗಳಲ್ಲಿ ಅತ್ಯಂತ ಖುಷಿ ಕೊಡುವ ಘಳಿಗೆ ಇದೇ ಎನ್ನಲು ನನಗೆ ಸಂಕೋಚವಿಲ್ಲ. ಒಂದೇ ದಿಕ್ಕಿನಲ್ಲಿ ತಿಕ್ಕಿದರೆ ಹೊಳಪು ಕೂಡ ಆ ದಿಕ್ಕನ್ನೇ ಹಿಡಿಯುತ್ತದೆ, ಅಂದರೆ ನಮಗೆ ಬೇಕಾದದ್ದು ತಾನಾಗಿಯೇ ಸಿಗುತ್ತದೆ. ತೊಡಕಿರುವುದು ಆಮೇಲೆ. ಉಜ್ಜಿದ ಪದರ ಪೂರ್ತಿಯಾಗಿ ಅಂಟಿಕೊಳ್ಳುವುದಿಲ್ಲ, ಮುಟ್ಟಿದ ಬೆರಳಿಗೆ ಬೂದು ಹತ್ತುತ್ತದೆ, ಮಾಸ್ಕಿಂಗ್ ಟೇಪ್ ಅದನ್ನು ಎತ್ತಿಕೊಂಡು ಬರುತ್ತದೆ. ರಕ್ಷಣೆಗೆಂದು ಮೇಲೆ ಕ್ಲಿಯರ್ ಕೋಟ್, ಅಂದರೆ ಪಾರದರ್ಶಕ ಪದರ, ಹಾಕಿದರೆ ಅಷ್ಟು ಶ್ರಮದಿಂದ ಎಬ್ಬಿಸಿದ ಲೋಹ ಮತ್ತೆ ಬೂದು ಬಣ್ಣವಾಗಿ ಮಲಗಿಬಿಡುತ್ತದೆ. ಕಿಟಕಿಗಳ ಸುತ್ತಲಿನ ಕಪ್ಪು ರಬ್ಬರ್ ಪಟ್ಟಿ, ಬದಿಯುದ್ದಕ್ಕೂ ಓಡುವ ಕಪ್ಪು ಪಟ್ಟಿ, ಕೆಳಭಾಗದ ಕಪ್ಪು ಇವನ್ನೆಲ್ಲ ಟೇಪ್ ಹಚ್ಚಿ ಬಳಿಯಲೇಬೇಕಾದ ಈ ಕಾರಿನ ಇಡೀ ಮೈಗೆ ಇದನ್ನು ನಾನು ಸೂಚಿಸಲಾರೆ. ಹಿಂಭಾಗದ ಯಂತ್ರಸಾಮಗ್ರಿಯ ಕೊಳವೆಗಳು, ಪೆಟ್ಟಿಗೆಗಳು, ಚಾಸಿಯ ಭಾಗಗಳಿಗೆ ಮಾತ್ರ ಇದಕ್ಕಿಂತ ಒಳ್ಳೆಯದು ಇಲ್ಲ.

ಮೂರನೆಯದು ಹಿಂಬದಿಯಲ್ಲಿ ಅಂಟು ಬಳಿದಿರುವ ತೆಳ್ಳನೆಯ ಲೋಹದ ಫಾಯಿಲ್. ಇದರ ಬಗ್ಗೆ ತುಸು ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಡಿಲೋರಿಯನ್‌ನ ಆಕಾರವೇ ಫಾಯಿಲ್‌ಗೆಂದು ಮಾಡಿದಂತಿದೆ. ಜಾರ್ಜೆಟ್ಟೊ ಜುಜಾರೊ ವಿನ್ಯಾಸಗೊಳಿಸಿದ ಈ ಕಾರಿನಲ್ಲಿ ಉಬ್ಬುತಗ್ಗುಗಳಿಗಿಂತ ಮಡಿಕೆಗಳೇ ಹೆಚ್ಚು. ಪ್ರತಿ ಹಾಳೆಯೂ ತನ್ನ ಸಂದುಗೆರೆಯಲ್ಲಿ ಸ್ಪಷ್ಟವಾಗಿ ಮುಗಿಯುತ್ತದೆ. ಬಾನೆಟ್ಟಿಗಿಂತ ತುಸು ದೊಡ್ಡದಾಗಿ ಫಾಯಿಲ್ ಕತ್ತರಿಸಿ, ಒಂದು ಅಂಚಿನಿಂದ ಇಳಿಸುತ್ತ, ಮೆತ್ತನೆಯ ಬಟ್ಟೆಯಿಂದ ಮಧ್ಯದಿಂದ ಹೊರಕ್ಕೆ ಒತ್ತುತ್ತ ಹೋಗಿ, ಸಂದುಗೆರೆಯೊಳಕ್ಕೆ ಹಲ್ಲುಕಡ್ಡಿಯ ತುದಿಯಿಂದ ಕೂರಿಸಿ, ಹೊಸ ಬ್ಲೇಡಿನಿಂದ ಗೆರೆಯುದ್ದಕ್ಕೂ ಕತ್ತರಿಸಿದರೆ ಹೆಚ್ಚಿನದನ್ನು ಸುಲಿದು ತೆಗೆಯಬಹುದು. ಬ್ಲೇಡು ಹೊಸದಾಗಿರಬೇಕು ಎಂಬ ಮಾತನ್ನು ಹಗುರವಾಗಿ ಕಾಣಬಾರದು. ಮೊಂಡು ಬ್ಲೇಡು ಫಾಯಿಲ್ಲನ್ನು ಕತ್ತರಿಸುವ ಬದಲು ಎಳೆದು ಹರಿಯುತ್ತದೆ. ಇಲ್ಲಿ ಗೆರೆಯನ್ನು ಅನುಕರಿಸಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಕೈಗೆ ಸಿಕ್ಕಿರುವುದು ನಿಜವಾದ ಲೋಹ. ಅತಿ ನಯವಾದ ಸ್ಟೀಲ್ ವುಲ್ಲನ್ನು ಅಳತೆಪಟ್ಟಿಯ ಅಂಚಿಗೆ ತಾಗಿಸಿ ಒಂದೇ ದಿಕ್ಕಿಗೆ ಹಗುರವಾಗಿ ಎಳೆದರೆ ಬೆಳಕು ಹರಿಯುವ ರೀತಿಯೇ ಬದಲಾಗುತ್ತದೆ. ಫೋಟೋ ತೆಗೆದಾಗ ನಾಲ್ಕೂ ವಿಧಾನಗಳಲ್ಲಿ ಉಕ್ಕಿಗೆ ಅತಿ ಹತ್ತಿರವಾಗಿ ಕಂಡದ್ದು ಫಾಯಿಲ್ ಹೊದಿಸಿದ ಬಾನೆಟ್.

ಆದರೂ ನಾನು ಅದನ್ನು ಇಡೀ ಕಾರಿಗೆ ಆರಿಸಿಕೊಳ್ಳಲಿಲ್ಲ. ಚಕ್ರಗಳ ಮೇಲಿನ ಕಮಾನಿನಂಥ ಬಾಗಿದ ಅಂಚುಗಳಲ್ಲಿ ಫಾಯಿಲ್ ಸುಕ್ಕುಗಟ್ಟುತ್ತದೆ, ಎಷ್ಟು ಒತ್ತಿದರೂ ಕೂದಲೆಳೆಯಷ್ಟು ಮಡಿಕೆ ಉಳಿಯುತ್ತದೆ. ಅಡಿಯಲ್ಲಿ ಸಿಕ್ಕಿಕೊಂಡ ಒಂದು ಧೂಳಿನ ಕಣವೂ ಗುಳ್ಳೆಯಾಗಿ ಎದ್ದು ನಿಲ್ಲುತ್ತದೆ. ಇನ್ನೂ ಮುಖ್ಯವಾದ ತಕರಾರು ಬಣ್ಣದ್ದು. ಅಲ್ಯೂಮಿನಿಯಂ ಫಾಯಿಲ್ ಬೆಳ್ಳಗಿದೆ, ಸ್ಟೇನ್‌ಲೆಸ್ ಸ್ಟೀಲ್ ಅದಕ್ಕಿಂತ ಒಂದು ಛಾಯೆ ಗಾಢ, ತುಸು ಬೆಚ್ಚಗಿನ ಬೂದು. ಪಕ್ಕದಲ್ಲಿ ನಿಜವಾದ ಉಕ್ಕಿನ ಚಮಚವೊಂದನ್ನು ಇಟ್ಟು ನೋಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ತೆಳುಗೊಳಿಸಿದ ಹೊಗೆಬಣ್ಣದ ಕ್ಲಿಯರ್‌ನಿಂದ ಇದನ್ನು ಸರಿಪಡಿಸಬಹುದಾದರೂ ಆಗ ಫಾಯಿಲ್‌ನ ಲೋಹತನವೇ ಸ್ವಲ್ಪ ಬಲಿಯಾಗುತ್ತದೆ.

ನಾಲ್ಕನೆಯದು ಏರ್‌ಬ್ರಷ್‌ನಿಂದ ಸಿಂಪಡಿಸುವ, ಕಣಗಳು ತೀರಾ ಸೂಕ್ಷ್ಮವಾಗಿರುವ ಲೋಹದ ಲ್ಯಾಕರ್. ನಾನು ಬಳಸಿದ್ದು ಆಲ್‌ಕ್ಲಾಡ್ ಎಂಬ ಬಣ್ಣದ ಬ್ರ್ಯಾಂಡ್‌ನ ಸ್ಟೇನ್‌ಲೆಸ್ ಸ್ಟೀಲ್ ಛಾಯೆ. ಅದು ನೀರಿನಷ್ಟು ತೆಳುವಾಗಿರುವುದರಿಂದ ತೆಳುಗೊಳಿಸುವ ಗೋಜಿಲ್ಲ, ಗಾಳಿಯ ಒತ್ತಡವನ್ನು 12ರಿಂದ 15 ಪಿಎಸ್‌ಐಗೆ (ಚದರ ಇಂಚಿಗೆ ಪೌಂಡ್) ಇಳಿಸಿಕೊಂಡು ಮಂಜಿನಂಥ ಪದರಗಳನ್ನು ಹಾಕುತ್ತ ಹೋಗಬೇಕು. ಲ್ಯಾಕರ್ ಬರಿಯ ಪ್ಲಾಸ್ಟಿಕ್ಕನ್ನು ಕಚ್ಚಬಹುದಾದ್ದರಿಂದ ಪ್ರೈಮರ್ ಕಡ್ಡಾಯ. ಆ ಪ್ರೈಮರ್‌ನ ಬಣ್ಣವೇ ಅಂತಿಮ ಛಾಯೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ: ಹೊಳಪುಳ್ಳ ಕಪ್ಪಿನ ಮೇಲೆ ಬಿದ್ದಾಗ ಉಕ್ಕು ಕನ್ನಡಿಯ ಕಡೆಗೆ ವಾಲುತ್ತದೆ, ಬೂದು ಪ್ರೈಮರ್ ಮೇಲೆ ಬಿದ್ದಾಗ ಕಾರ್ಖಾನೆಯ ಹಾಳೆಯ ಶಾಂತ ಹೊಳಪು ಬರುತ್ತದೆ. ಡಿಲೋರಿಯನ್‌ಗೆ ಬೇಕಾದದ್ದು ಎರಡನೆಯದೇ, ಕಪ್ಪಿನ ಮೇಲಿನ ಹೊಳಪು ಈ ಕಾರನ್ನು ಆಟಿಕೆಯಾಗಿಸುತ್ತದೆ.

ಇಲ್ಲಿ ಗೆರೆಯನ್ನು ಮೂಡಿಸುವ ಜಾಗವೇ ಬೇರೆ, ಮತ್ತು ನನ್ನ ಮಟ್ಟಿಗೆ ಇಡೀ ಹೋಲಿಕೆಯ ತಿರುಳು ಇದರಲ್ಲಿದೆ. ಲೋಹದ ಪದರದ ಮೇಲೆ ಗೀರುವುದರ ಬದಲು ಅದರ ಅಡಿಯಲ್ಲಿರುವ ಪ್ರೈಮರ್ಅನ್ನು 2000ದಿಂದ 3000 ಗ್ರಿಟ್‌ನ ಅತಿ ನಯವಾದ ಸ್ಯಾಂಡ್‌ಪೇಪರ್‌ನಿಂದ, ಒಣಗಿರುವಾಗಲೇ, ಒಂದೇ ದಿಕ್ಕಿಗೆ ಹಗುರವಾಗಿ ಎಳೆದುಬಿಡಬೇಕು. ಪ್ರೈಮರ್ ಮೇಲೆ ಈ ಗೆರೆಗಳು ಕಾಣುವುದೇ ಇಲ್ಲ, ಕೆಲಸ ಆಯಿತೋ ಇಲ್ಲವೋ ಎಂಬ ಅನುಮಾನವೂ ಬರುತ್ತದೆ. ಆದರೆ ಲ್ಯಾಕರ್‌ನ ಪದರ ಎಷ್ಟು ತೆಳುವೆಂದರೆ ಅಡಿಯ ಗೆರೆಗಳನ್ನು ತುಂಬದೆ, ಅವುಗಳ ಮೇಲೆ ಹಾಗೆಯೇ ಹಾಸಿಕೊಳ್ಳುತ್ತದೆ. ಬಾನೆಟ್ಟನ್ನು ದೀಪದ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸಿದಾಗ ಬೆಳಕಿನ ಪಟ್ಟಿಯೊಂದು ಮುಂದಿನಿಂದ ಹಿಂದಕ್ಕೆ ಉದ್ದವಾಗಿ ಚಾಚಿ, ಅಡ್ಡಕ್ಕೆ ತಿರುಗಿಸಿದೊಡನೆ ಅಗಲವಾಗಿ ಮಂಕಾಗುತ್ತದೆ; ಗೆರೆ ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಪ್ರತಿ ಹಾಳೆಯ ದಿಕ್ಕನ್ನು ನಿಜವಾದ ಕಾರಿನ ಫೋಟೋ ನೋಡಿ ಗುರುತಿಸಿಕೊಂಡು, ಪಕ್ಕದ ಹಾಳೆಗೆ ಟೇಪ್ ಹಚ್ಚಿ ತಿಕ್ಕುವ ತಾಳ್ಮೆಯಿದ್ದರೆ ಬಾಗಿಲು ಮತ್ತು ಫೆಂಡರ್ ಬೇರೆ ಬೇರೆ ಹಾಳೆಗಳೆಂಬುದು ಸಂದುಗೆರೆಯ ನೆರವಿಲ್ಲದೆಯೂ ತಿಳಿಯುತ್ತದೆ. ಸಾಕಷ್ಟು ಒಣಗಲು ಬಿಟ್ಟರೆ ಕಡಿಮೆ ಅಂಟಿನ ಟೇಪನ್ನು ಇದು ತಡೆದುಕೊಳ್ಳುತ್ತದೆ. ಗಟ್ಟಿತನದಲ್ಲಿ ಸ್ಪ್ರೇ ಕ್ಯಾನ್‌ಗಿಂತ ಹಿಂದೆ, ಫೋಟೋದಲ್ಲಿ ಫಾಯಿಲ್‌ಗಿಂತ ಕೂದಲೆಳೆಯಷ್ಟು ಹಿಂದೆ, ಆದರೆ ಬಾಗಿದ ಅಂಚು, ಛಾಯೆ, ತಿದ್ದುಪಡಿ ಮೂರನ್ನೂ ಲೆಕ್ಕ ಹಾಕಿದಾಗ ನನ್ನ ಆಯ್ಕೆ ಇದೇ.

ಯಾವ ವಿಧಾನವನ್ನೇ ಆರಿಸಿಕೊಂಡರೂ ಮುಂದಿನ ಮತ್ತು ಹಿಂದಿನ ಬಂಪರ್ ಭಾಗಗಳಿಗೆ ಅದನ್ನು ಹಚ್ಚಬಾರದು. ಮೂಲ ಕಾರಿನಲ್ಲಿ ಅವು ಉಕ್ಕಲ್ಲ. ಪಾಲಿಯುರೆಥೇನ್‌ನಿಂದ ಮಾಡಿ, ಉಕ್ಕಿಗೆ ಹತ್ತಿರವಾದ ಬೂದು ಬಣ್ಣ ಬಳಿದ ಭಾಗಗಳು. ಕಿಟ್‌ನ ಸೂಚನಾಪತ್ರದಲ್ಲಿ ಎಲ್ಲವನ್ನೂ ಒಂದೇ ಬೆಳ್ಳಿ ಬಣ್ಣವೆಂದು ತೋರಿಸಿದ್ದರೂ, ಬಂಪರ್‌ಗಳಿಗೆ ಹೊಳಪಿಲ್ಲದ, ದಿಕ್ಕಿಲ್ಲದ ಬೂದನ್ನು ಹಾಕಿದಾಗ ಪಕ್ಕದ ಹಾಳೆಗಳು ಇದ್ದಕ್ಕಿದ್ದಂತೆ ಹೆಚ್ಚು ಉಕ್ಕಾಗಿ ಕಾಣತೊಡಗುತ್ತವೆ. ಇಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ಲಾಭ ಕೊಡುವ ಇನ್ನೊಂದು ತಿದ್ದುಪಡಿ ಈ ಮಾದರಿಯಲ್ಲಿ ಇಲ್ಲ. ಸ್ಪ್ರೇ ಕ್ಯಾನ್‌ನ ಬೆಳ್ಳಿಗೆ ಮಂಕು ಕ್ಲಿಯರ್ ಹಾಕಿದರೆ ಸಿಗುವ ಛಾಯೆ ಇಲ್ಲಿಗೆ ಹೇಳಿ ಮಾಡಿಸಿದಂತಿರುತ್ತದೆ, ಹಾಗಾಗಿ ಮೊದಲ ವಿಧಾನಕ್ಕೂ ಕಾರಿನಲ್ಲಿ ಒಂದು ಜಾಗ ಸಿಕ್ಕಿತು.

ಮೈಯ ವಿಚಾರ ಮುಗಿದ ಮೇಲೆ ಕಾಲಯಂತ್ರದ ಕೇಬಲ್‌ಗಳು. ಕಿಟ್‌ನೊಂದಿಗೆ ಬರುವ ಗಡುಸಾದ ಪ್ಲಾಸ್ಟಿಕ್ ಕೊಳವೆಗಳು ಕೆಟ್ಟವೇನಲ್ಲ, ಆದರೆ ಅಚ್ಚಿನ ಏಣನ್ನು ದುಂಡನೆಯ ಕೊಳವೆಯ ಮೇಲಿಂದ ತೆಗೆಯುವಾಗ ಅದು ದುಂಡಗೆ ಉಳಿಯುವುದಿಲ್ಲ. ಬದಲಿಗೆ ಪ್ಲಾಸ್ಟಿಕ್ ಹೊದಿಕೆಯ ವಿದ್ಯುತ್ ತಂತಿಯನ್ನೂ, ಬೆಸುಗೆಗೆ ಬಳಸುವ ಮೆದು ಲೋಹದ ಸಾಲ್ಡರ್ ತಂತಿಯನ್ನೂ ಬಳಸಿ ನೋಡಿದೆ. ವಿದ್ಯುತ್ ತಂತಿ ಸಣ್ಣ ತಿರುವುಗಳಲ್ಲಿ ಹಿಂದಕ್ಕೆ ಪುಟಿದು ಅಂಟನ್ನು ಕಿತ್ತುಕೊಳ್ಳುತ್ತದೆ. ಸಾಲ್ಡರ್ ಬಾಗಿಸಿದ ಹಾಗೆಯೇ ನಿಲ್ಲುತ್ತದೆ, ತನ್ನ ಭಾರಕ್ಕೆ ತುಸು ಜೋತು ನಿಜವಾದ ಕೇಬಲ್‌ನ ಸೋಮಾರಿತನವನ್ನೂ ತೋರಿಸುತ್ತದೆ. ನಿಜವಾದ ಕಾರಿನ 24 ಮಿಲಿಮೀಟರಿನ ಕೇಬಲ್‌ಗೆ ಇಲ್ಲಿ ಒಂದು ಮಿಲಿಮೀಟರಿನದು, ಅದರರ್ಧದ್ದಕ್ಕೆ ಅರ್ಧ ಮಿಲಿಮೀಟರಿನದು ಸಾಕು. ಸೀಸವಿರುವ ಸಾಲ್ಡರ್ ಆಗಿದ್ದರೆ ಕೈ ತೊಳೆದುಕೊಳ್ಳುವುದನ್ನು ಮರೆಯಬಾರದು.

ದೀಪಗಳ ವಿಚಾರದಲ್ಲಿ ನನ್ನ ಅಭಿಪ್ರಾಯ ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ಮೈಯ ಸುತ್ತಲಿನ ಪಟ್ಟಿಗಳಿಗೆ ಎಲ್ಇಡಿ ಹಾಕುವುದಾದರೆ ಪ್ಲಾಸ್ಟಿಕ್‌ನ ಒಳಮೈಗೆ ಮೊದಲು ಕಪ್ಪು, ಅದರ ಮೇಲೆ ಬೆಳ್ಳಿ ಬಳಿಯಬೇಕು. ಇಲ್ಲವಾದರೆ ಬೆಳಕು ಹಾಳೆಗಳನ್ನೇ ತೂರಿ ಬಂದು, ಅಷ್ಟು ಹೊತ್ತು ಕಟ್ಟಿದ ಉಕ್ಕಿನ ಭ್ರಮೆಯನ್ನು ಕ್ಷಣದಲ್ಲಿ ಒಡೆಯುತ್ತದೆ. ಒಳಗಿನ ಸಮಯ ಫಲಕದ ಮೂರು ಸಾಲುಗಳು, ಅಂದರೆ ಹೋಗಬೇಕಾದ ಕಾಲದ ಕೆಂಪು, ಈಗಿನ ಕಾಲದ ಹಸಿರು, ಕಡೆಯ ಬಾರಿ ಹೊರಟ ಕಾಲದ ಹಳದಿ, ಈ ಅಳತೆಯಲ್ಲಿ ಅಕ್ಕಿಕಾಳಿಗಿಂತ ದೊಡ್ಡದಾಗಿ ಕಾಣುವುದಿಲ್ಲ. ಅಲ್ಲಿ ಫೈಬರ್ ಎಳೆಗಳನ್ನು ಪೋಣಿಸುವುದಕ್ಕಿಂತ ಮುದ್ರಿತ ಚಿತ್ರದ ತೆಳು ಅಂಟುಪದರವಾದ ಡಿಕಾಲ್ ಅಂಟಿಸಿ, ಅದರ ಮೇಲೆ ಒಂದು ಹನಿ ಹೊಳಪಿನ ಕ್ಲಿಯರ್ ಬಿಡುವುದೇ ಚೆನ್ನಾಗಿ ಕಂಡಿತು. ಸೀಟುಗಳ ಹಿಂದಿರುವ ವೈ ಆಕಾರದ, ಚಿತ್ರದಲ್ಲಿ ಕಾಲಪ್ರಯಾಣವನ್ನು ಸಾಧ್ಯವಾಗಿಸುವ ಫ್ಲಕ್ಸ್ ಕೆಪ್ಯಾಸಿಟರ್‌ಗೆ ಮಾತ್ರ ನಿಜವಾದ ದೀಪವೇ ಬೇಕು, ಏಕೆಂದರೆ ರೆಕ್ಕೆಯಂತೆ ಮೇಲೇಳುವ ಬಾಗಿಲನ್ನು ತೆರೆದಾಗ ಒಳಗೆ ಇಣುಕುವವರು ಹುಡುಕುವುದು ಅದನ್ನೇ. ಬ್ಯಾಟರಿಯನ್ನು ಕಾರಿನೊಳಗೆ ತುರುಕದೆ ಕೆಳಗಿನ ಪೀಠದಲ್ಲಿ ಇಟ್ಟು, ತಂತಿಯನ್ನು ಹಿಂದಿನ ಚಕ್ರದ ಮರೆಯಿಂದ ಇಳಿಸಿದರೆ ಮುಂದೆ ದೀಪ ಕೆಟ್ಟರೂ ಮೈಯನ್ನು ಬಿಚ್ಚಬೇಕಾಗುವುದಿಲ್ಲ.